ಹದಿನೈದು ಸೆಕೆಂಡಿಗೆ ಮೂವತ್ತಾರು

ನನ್ನ ಎಡಗೈಯಲ್ಲಿ ಈಗ ಒಂದು ಗಡಿಯಾರವಿದೆ. ಅದರ ಅಡಿಯಲ್ಲಿ ಹಸಿರು ದೀಪವೊಂದು ಮಿಣುಕುತ್ತ ಹಗಲಿಡೀ ನನ್ನ ಎದೆಬಡಿತ ಎಣಿಸುತ್ತದೆ. ಕಲಬುರಗಿಯಲ್ಲಿ ಅದನ್ನು ಮಾರಿದ ಅಂಗಡಿಯವನು, “ಮೇಡಂ, ಇದು ಸುಳ್ಳ ಹೇಳಂಗಿಲ್ಲ ನೋಡ್ರಿ” ಎಂದು ಆಣೆ ಮಾಡುವವನ ಹಾಗೆ ಹೇಳಿದ. ನಿಜ, ಪಾಪ. ಅದಕ್ಕೆ ಸುಳ್ಳು ಹೇಳಬೇಕಾದ ಗರಜು ಏನಿದೆ? ನನಗೆ ಎದೆಬಡಿತ ಎಣಿಸುವುದನ್ನು ಕಲಿಸಿದವರು ಸುಳ್ಳು ಹೇಳಬಲ್ಲವರಾಗಿದ್ದರು. ನಾನೂ ಅಷ್ಟೇ. ಅವರು ಈ ಚಳಿಗಾಲದಲ್ಲಿ ತೀರಿಕೊಂಡರು.

ಕಮಲಾಪುರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಅಲ್ಲಿನ ಆಸ್ಪತ್ರೆಯಲ್ಲಿ ಎರಡು ತಲೆಮಾರಿನ ಬಾಣಂತಿಯರನ್ನು ನೋಡಿಕೊಂಡರು. ಎರಡು ತಲೆಮಾರಿಗೂ ಅವರು ಬರೀ ಸಿಸ್ಟರ್. ಶರಣಸಿರಸಗಿಯಲ್ಲಿ ಅವರ ತಂಗಿಯ ಮನೆ. ಅದರ ಮುಂದೆ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿದ್ದರು. ಕಮಲಾಪುರದಿಂದ ಟೆಂಪೋ ಮಾಡಿಕೊಂಡು ಬಂದವರಲ್ಲಿ ಒಬ್ಬ ಮುದುಕಿ, ಮೊಮ್ಮಗಳು ಹೆಸರನ್ನು ಓದಿ ಹೇಳಿದ್ದಕ್ಕೆ, “ಇದ್ಯಾರ ಹೆಸರು? ನಮ್ಮ ಸಿಸ್ಟರ್ ಎಲ್ಲಿ?” ಎಂದು ಗಾಬರಿಯಾದಳು. ಮನೆ ತಪ್ಪಿ ಬಂದೆವೇನೋ ಎಂದುಕೊಂಡಿದ್ದಳು. ಆಕೆಯನ್ನು ಒಳಗೆ ಕರೆದುಕೊಂಡು ಹೋಗಿ ಮುಖ ತೋರಿಸಿದವಳು ನಾನೇ. ಅದಕ್ಕಾಗಿ ಇಲ್ಲಿಯೂ ಹೆಸರು ಬರೆಯುವುದಿಲ್ಲ.

ಗಿಡ್ಡ ಹೆಂಗಸು. ಬಿಳಿ ಸೀರೆಯ ಮೇಲೆ ಗಂಡಸರು ಹಾಕುವ ಕಂದು ಸ್ವೆಟರು, ಕಿವಿ ಮುಚ್ಚುವಂತೆ ಕಟ್ಟಿದ ಮಫ್ಲರ್, ಕಾಲಿಗೆ ರಬ್ಬರು ಚಪ್ಪಲಿ. ಸ್ವೆಟರಿನ ಎಡಗಡೆಗೆ ಪಿನ್ನಿನಿಂದ ತಲೆಕೆಳಗಾಗಿ ತೂಗುಬಿಟ್ಟ ಒಂದು ಪುಟ್ಟ ಸ್ಟೀಲ್ ಗಡಿಯಾರ. ನರ್ಸುಗಳ ಗಡಿಯಾರ ಹಾಗೇ ಇರುತ್ತದೆಯಂತೆ, ಬಗ್ಗಿ ನೋಡಿದರೆ ಅವರಿಗೆ ಮಾತ್ರ ನೆಟ್ಟಗೆ ಕಾಣುವಂತೆ. ಯಾರ ಕೈಯನ್ನಾದರೂ ಹಿಡಿಯುವ ಮೊದಲು ತಮ್ಮ ಬಲಗೈಯನ್ನು ಒಂದು ಗಳಿಗೆ ಕಂಕುಳಲ್ಲಿ ಇಟ್ಟುಕೊಳ್ಳುವುದು ಅವರ ರೂಢಿ. “ತಣ್ಣನ ಕೈ ಹಚ್ಚಿದ್ರ ನಾಡಿ ಅಂಜ್ತದ” ಎನ್ನುತ್ತಿದ್ದರು. ಅವರ ಬೆರಳು ಬೆಚ್ಚಗಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಬಾಯಿ ಮಾತ್ರ ಅಷ್ಟು ಬೆಚ್ಚಗಿರಲಿಲ್ಲ. ಕುಡಿದು ಬಂದು ಹೊಟ್ಟೆನೋವು ಎಂದವನಿಗೆ ಇಂಜೆಕ್ಷನ್ನಿಗಿಂತ ಮೊದಲು ಬೈಗುಳ ಬೀಳುತ್ತಿತ್ತು, ಕನ್ನಡದಲ್ಲಿ ಒಂದಿಷ್ಟು, ಉರ್ದುವಿನಲ್ಲಿ ಒಂದಿಷ್ಟು.

ನನಗೆ ಅವರು ಸಿಕ್ಕಿದ್ದು ಒಂದು ಥಂಡಿಯ ಬೆಳಿಗ್ಗೆ, ನಾನು ಆಸ್ಪತ್ರೆಯ ಗೇಟಿನ ಮುಂದೆ ವಾಂತಿ ಮಾಡಿಕೊಳ್ಳುತ್ತಿದ್ದಾಗ.

ಖಾಕಿ ನೌಕರಿಗೆ ನನ್ನ ವಯಸ್ಸಿನ ಮಿತಿಯೊಳಗೆ ಉಳಿದಿದ್ದ ಕಡೆಯ ಅವಕಾಶ ಅದು. ಬರೆಯುವ ಪರೀಕ್ಷೆ ಆಗಿತ್ತು, ಓಟವೊಂದು ಬಾಕಿ. ಹಿಂದಿನ ಸಲ ನಾಲ್ಕು ಸುತ್ತಿನಲ್ಲಿ ಮೂರನ್ನು ಎಲ್ಲರಿಗಿಂತ ಮುಂದೆ ಓಡಿ, ನಾಲ್ಕನೆಯದರಲ್ಲಿ ಉಸಿರು ಸಿಗದೆ ಮೈದಾನದಲ್ಲೇ ಕೂತುಬಿಟ್ಟಿದ್ದೆ. ನನ್ನ ಅಬ್ಬಾ ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಟೇಲರ್. ಅವರು ಓಡಲೆಂದು ಹೊಸ ಪ್ಯಾಂಟು ಹೊಲಿದುಕೊಟ್ಟರು. ಅಮ್ಮಿಯದೇ ಕಷ್ಟ. ಹೆಣ್ಣುಮಗಳು ನಸುಕಿನಲ್ಲಿ ರಸ್ತೆಯ ಮೇಲೆ ಓಡುವುದೆಂದರೆ ಆಕೆಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತೆ. “ಲೋಗಾಂ ಕ್ಯಾ ಬೋಲ್ತೇ?” ಜನ ಏನಂತಾರೆ ಎನ್ನುವ ಆ ಒಂದು ಮಾತನ್ನು ಆಕೆ ಬೆಳಗಿನ ಚಹಾದ ಜೊತೆಗೇ ಕೊಡುತ್ತಿದ್ದಳು. ಕಡೆಗೆ ಒಂದು ಒಪ್ಪಂದಕ್ಕೆ ಬಂದಿದ್ದೆವು. ಈ ಸಲ ಪಾಸಾದರೆ ನೌಕರಿ, ಆಗದಿದ್ದರೆ ಬೀದರಿನ ಕಡೆಯಿಂದ ಬಂದ ಸಂಬಂಧಕ್ಕೆ ಹೂಂ ಅನ್ನಬೇಕು. ಹುಡುಗ ಕೆಟ್ಟವನೇನಲ್ಲ. ಆದರೆ ನನ್ನ ಬದುಕನ್ನು ನಾನೇ ಗಳಿಸಿಕೊಳ್ಳಬೇಕೆಂಬ ಹಠ ನನ್ನದು, ಆ ಹಠಕ್ಕೆ ನಾಲ್ಕೇ ಸುತ್ತು ಉಳಿದಿತ್ತು.

ಹಾಗಾಗಿ ದಿನಾ ಜೀವ ಬಿಟ್ಟು ಓಡುತ್ತಿದ್ದೆ. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ. ಅದರೊಳಗಿನ ಹೆಣ್ಣುದನಿಯೊಂದು ಪ್ರತಿ ಕಿಲೋಮೀಟರಿಗೆ ಎಷ್ಟು ನಿಮಿಷವಾಯಿತೆಂದು ಇಂಗ್ಲಿಷಿನಲ್ಲಿ ಸಾರುತ್ತಿತ್ತು. ಐದು ನಿಮಿಷ ಅಂದರೆ ನೌಕರಿ, ಆರು ಅಂದರೆ ಬೀದರ್. ಆವತ್ತು ಎದುರುಗಾಳಿ ಇತ್ತು, ಆರು ಅಂದಿತು. ಹೆದರಿ ಇನ್ನೂ ಜೋರಾಗಿ ಓಡಿದೆ. ಆಸ್ಪತ್ರೆಯ ಗೇಟಿನ ಹತ್ತಿರ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು.

ಗೇಟಿನ ಪಕ್ಕದ ಸಿಮೆಂಟಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಸಿಸ್ಟರ್ ಎದ್ದು ಬಂದರು. ಕೈಯನ್ನು ಕಂಕುಳಲ್ಲಿ ಇಟ್ಟು ತೆಗೆದು, ನನ್ನ ಮಣಿಕಟ್ಟು ಹಿಡಿದು, ಬಗ್ಗಿ ತಮ್ಮ ಗಡಿಯಾರ ನೋಡಿದರು.

“ಹದಿನೈದು ಸೆಕೆಂಡಿಗಿ ನಲವತ್ತೆಂಟು,” ಎಂದರು. “ಅಂದ್ರ ನಿಮಿಷಕ್ಕ ನೂರಾ ತೊಂಬತ್ತೆರಡು. ಯಾರು ಬೆನ್ನ ಹತ್ಯಾರ ನಿನ್ನ?”

ಯಾರೂ ಇಲ್ಲ ಎಂದೆ. ಪರೀಕ್ಷೆಯ ವಿಷಯ, ಹಿಂದಿನ ಸಲ ಕೂತುಬಿಟ್ಟದ್ದು, ಬೀದರು, ಎಲ್ಲ ಹೇಳಿದೆ. ಕೇಳಿಕೊಂಡು ನನ್ನ ಫೋನನ್ನು ಇಸಕೊಂಡರು. ಅದು ಆಗಲೂ ಏನೋ ಒದರುತ್ತಿತ್ತು.

“ಈ ಫೋನಿನ ಹೆಂಗಸಿಗಿ ಏನ ಗೊತ್ತದ ನಿನ್ನ ಬಗ್ಗಿ? ಇಕಿ ರಸ್ತಾ ಅಳೀತಾಳ, ನಿನ್ನ ಅಳ್ಯಂಗಿಲ್ಲ. ಗಾಳಿ ಎದುರಿಗಿ ಬಂದದ್ದು ಇಕಿಗಿ ಗೊತ್ತೇನು? ರಾತ್ರಿ ನೀ ನಿದ್ದಿ ಮಾಡಿಲ್ಲ ಅನ್ನೂದು ಗೊತ್ತೇನು?”

“ಥಂಡ್ಯಾಗ ಚಲೋ ಓಡಾಕ ಬರ್ತದಲ್ರಿ ಸಿಸ್ಟರ್.”

“ಅಲ್ಲೇ ಮೋಸ ಅದ. ಥಂಡ್ಯಾಗ ಮೈ ಸುಳ್ಳ ಹೇಳ್ತದ. ಬೆವರ ಕಾಣಂಗಿಲ್ಲ, ಸೆಕಿ ಇಲ್ಲ, ಇನ್ನಷ್ಟ ಓಡು, ಇನ್ನಷ್ಟ ಓಡು ಅಂತದ. ಎದಿ ಒಂದ ಖರೇ ಹೇಳ್ತದ. ಅದರ ಮಾತ ಕೇಳು.”

ಮರುದಿನದಿಂದ ಫೋನು ಅವರ ಸ್ವೆಟರಿನ ಜೇಬಿಗೆ ಹೋಯಿತು. ನಿಯಮ ಒಂದೇ: ಹದಿನೈದು ಸೆಕೆಂಡಿಗೆ ಮೂವತ್ತಾರು ಬಡಿತ. ಅದಕ್ಕಿಂತ ಒಂದು ಹೆಚ್ಚಾದರೂ ನಡೆಯಬೇಕು, ಇಳಿದ ಮೇಲೆ ಮತ್ತೆ ಓಡಬೇಕು. ಸುಮ್ಮನೆ ಕೂತವರಿಗೆ ಹದಿನೆಂಟು ಇದ್ದರೆ ಚಲೋ, ಅದರ ಎರಡರಷ್ಟರ ಮೇಲೆ ನಿನಗೆ ಹಕ್ಕಿಲ್ಲ ಎಂದರು. ಕಟ್ಟೆಯ ಮೇಲೆ ಕೂತು ಅವರು “ಹ್ಞಾಂ” ಎಂದಾಗ ನಾನು ಎಣಿಕೆ ಶುರು ಮಾಡಬೇಕು, “ಸಾಕ” ಎಂದಾಗ ನಿಲ್ಲಿಸಬೇಕು. ಇವೆರಡೇ ಮಾತು.

ಆ ಮೊದಲ ವಾರಗಳ ಅವಮಾನವನ್ನು ಏನೆಂದು ಹೇಳಲಿ! ಮೂವತ್ತಾರರೊಳಗೆ ಓಡುವುದೆಂದರೆ ನನಗೆ ಆಗ ಓಟವೇ ಅಲ್ಲ, ಮೆರವಣಿಗೆ. ತೊಗರಿ ಕೊಯ್ಯಲು ಹೊರಟ ಹೆಂಗಸರು ಬುತ್ತಿಗಂಟು ಹೊತ್ತುಕೊಂಡು ನನ್ನ ಜೊತೆಜೊತೆಗೇ ನಡೆದು ಬರುತ್ತಿದ್ದರು. “ಕಾಲ ನೋಯಾಕತ್ತಾವೇನವ್ವಾ?” ಎಂದು ಒಬ್ಬಾಕೆ ಮರುಗಿದಳು. ಒಬ್ಬ ಮುದುಕ ತಂಬಿಗೆ ಹಿಡಿದುಕೊಂಡು ನನ್ನನ್ನು ದಾಟಿಹೋದ. ದಾಟಿಹೋದದ್ದಲ್ಲದೆ, ಮುಂದೆ ಹೋಗಿ ತಿರುಗಿ ಬೇರೆ ನೋಡಿದ.

ನಾನು ಕಟ್ಟೆಯ ಮುಂದೆ ಹಾದುಹೋಗುವಾಗಲೆಲ್ಲ ಸಿಸ್ಟರ್, “ರಾತ್ರಿ ಏನ ಉಂಡಿ?” ಎಂದು ಕೇಳುತ್ತಿದ್ದರು. ಉಸಿರು ಕಡಿಯದೆ ಪೂರಾ ವಾಕ್ಯದಲ್ಲಿ ಉತ್ತರ ಹೇಳಬೇಕು. “ಜ್ವಾಳದ ರೊಟ್ಟಿ, ಪುಂಡಿಪಲ್ಯ, ಮ್ಯಾಲ ಒಂದ ಕೆಂಪ ಬಾಳಿಹಣ್ಣ ಉಂಡೀನ್ರಿ” ಎಂದು ಒಂದೇ ಉಸಿರಿಗೆ ಬಂದರೆ ಸರಿ. “ರೊಟ್ಟಿ… ಪುಂಡಿ…” ಎಂದು ತುಂಡಾದರೆ, “ಮೆಲ್ಲಕ!” ಎಂದು ಕೂಗು. ಹೀಗಾಗಿ ಅಮ್ಮಿಯ ಅಡುಗೆಯ ಪಟ್ಟಿ ಆ ಚಳಿಗಾಲ ಪೂರ್ತಿ ಕಮಲಾಪುರದ ರಸ್ತೆಗೆ ಬಾಯಿಪಾಠವಾಯಿತು. ಇದು ಅಮ್ಮಿಯ ಕಿವಿಗೂ ಬಿತ್ತು. ಜನ ಏನಂತಾರೆ ಎನ್ನುತ್ತಿದ್ದವಳು, ಜನರ ಮುಂದೆ ಒಳ್ಳೆಯದನ್ನು ಹೇಳಲಿ ಎಂದು ರಾತ್ರಿಯ ಊಟಕ್ಕೆ ಒಂದು ಪಲ್ಯ ಹೆಚ್ಚು ಮಾಡತೊಡಗಿದಳು.

ನನಗೆ ಮಾತ್ರ ಸಹನೆ ಇರಲಿಲ್ಲ. ದಿನಗಳು ಹೋಗುತ್ತಿದ್ದವು, ನಾನು ಮುದುಕರ ಹಿಂದೆ ಓಡುತ್ತಿದ್ದೆ. ಎಣಿಸುವುದು ಈಗ ನನ್ನ ಬೆರಳೇ ತಾನೆ? ಒಂದು ದಿನ ನಲವತ್ತೆರಡು ಬಂದಿತ್ತು, “ಮೂವತ್ತಾರು ರೀ” ಎಂದೆ. ನಾಲಿಗೆ ಸುಲಭವಾಗಿ ತಿರುಗಿತು. ಮರುದಿನ ನಲವತ್ತಮೂರಕ್ಕೂ ಮೂವತ್ತಾರು ಎಂದೆ. ಹೀಗೆ ನಾಲ್ಕು ದಿನ. ಸಿಸ್ಟರ್ ನನ್ನ ಮುಖವನ್ನು ನೋಡುತ್ತಿದ್ದರು. ನಂಬಿದರು ಎಂದುಕೊಂಡೆ. ಐದನೆಯ ದಿನ ಕೈಯನ್ನು ಕಂಕುಳಲ್ಲಿ ಬೆಚ್ಚಗೆ ಮಾಡಿಕೊಂಡು ತಾವೇ ನನ್ನ ಮಣಿಕಟ್ಟು ಹಿಡಿದರು.

“ನಲವತ್ನಾಲ್ಕು,” ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈಗುಳಕ್ಕೆ ಕಾದೆ. ಅವರು ಫ್ಲಾಸ್ಕಿನ ಮುಚ್ಚಳದಲ್ಲಿ ನನಗೆ ಚಹಾ ಬಗ್ಗಿಸಿದರು.

“ಪೇಷಂಟ್ ಸುಳ್ಳ ಹೇಳೂದು ಎರಡಕ್ಕ ಬೇಟಾ. ಒಂದು, ಅಂಜಿಕಿ ಬಂದಾಗ. ಇನ್ನೊಂದು, ಲಗೂನ ಮನಿಗಿ ಹೋಗಬೇಕು ಅನ್ನಿಸಿದಾಗ. ನಿಂದು ಯಾವುದು?”

“ಅಂಜಿಕಿ ರೀ,” ಎಂದೆ. ಅಳು ಬಂತು.

“ಹಂಗಾದ್ರ ಅಂಜಿಕಿ ನನಗ ಹೇಳು. ಬಡಿತ ಮಾತ್ರ ಖರೇ ಹೇಳು. ಅದರಾಗ ಸುಳ್ಳ ಕೂಡಿಸಿದ್ರ ನಾ ಏನ ನೋಡ್ಲಿ?”

ಅದಾದ ಮೇಲೆ ನಾನು ಅವರಿಗೆ ಸುಳ್ಳು ಹೇಳಲಿಲ್ಲ. ಮೂರು ವರ್ಷ ಹೇಳಲಿಲ್ಲ.

ಇಷ್ಟೆಲ್ಲ ಓಟ ಕಲಿಸಿದವರು ತಾವು ಮಾತ್ರ ಒಮ್ಮೆಯೂ ಓಡಿದವರಲ್ಲ. ಕಲಬುರಗಿಯ ಬಸ್ಸು ಹೊರಟು ನಿಂತಿದ್ದರೂ ಅವರು ಮದುವೆಮನೆಗೆ ಹೋಗುವವರ ಹಾಗೆ ನಡೆದು ಬರುತ್ತಿದ್ದರು. ಕಂಡಕ್ಟರ್ ಸೀಟಿ ಊದಿ ಊದಿ ಸೋತು, “ಸಿಸ್ಟರ್ ಬರಾಕತ್ತಾರ, ತಡೀರಿ” ಎಂದು ನಿಲ್ಲಿಸುತ್ತಿದ್ದ. ಅವನ ಮಗಳ ಹೆರಿಗೆ ಮಾಡಿಸಿದ್ದವರು ಇವರೇ. ಗತ್ತು ಎಂದು ನಾನು ತಮಾಷೆ ಮಾಡಿದಾಗ ನಕ್ಕು, “ಸಣ್ಣಾಕಿ ಇದ್ದಾಗ ಕೀಲ ಹಿಡಿಯೂ ಜ್ವರ ಬಂದಿತ್ತು. ಜ್ವರ ಕೀಲ ಬಿಟ್ಟು ಎದ್ಯಾಗ ಕುಂತದ. ಒಂದ ಬಾಗಲಾ ಸರಿಯಾಗಿ ತೆರಿಯಂಗಿಲ್ಲ” ಎಂದರು. ಬಾಗಿಲು ಅಂದರೆ ಎದೆಯೊಳಗಿನ ಕವಾಟ ಎಂದು ನನಗೆ ಆಮೇಲೆ ತಿಳಿಯಿತು. ತಿಂಗಳಿಗೊಮ್ಮೆ ಕಲಬುರಗಿಗೆ ಹೋಗಿ ರಕ್ತ ತೋರಿಸಿಕೊಂಡು, ಗುಳಿಗೆ ಹೆಚ್ಚುಕಡಿಮೆ ಮಾಡಿಸಿಕೊಂಡು ಬರುತ್ತಿದ್ದರು. ಬರುವಾಗ ಶರಣಬಸವೇಶ್ವರ ಗುಡಿಯ ಹತ್ತಿರದ ಅಂಗಡಿಯಿಂದ ಕರಿದ ಖಾರದ ತಿಂಡಿ ತರುತ್ತಿದ್ದರು, ಡಾಕ್ಟರು ಉಪ್ಪು ಬೇಡವೆಂದ ಮೇಲೂ. ಅವರ ಊಟದ ಬಗ್ಗೆ ಯಾರೂ ಕೇಳುವಂತಿರಲಿಲ್ಲ.

ಎಳ್ಳಮಾವಾಸ್ಯೆಯ ದಿನ ಯಾರದೋ ಹೊಲಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಹೊಲದವರು ಸೊಪ್ಪು-ಕಾಳಿನ ಭಜ್ಜಿ, ಸಜ್ಜೆ ರೊಟ್ಟಿ ಸಾಕು ಸಾಕೆನ್ನುವಷ್ಟು ಬಡಿಸಿದರು. ಸಿಸ್ಟರ್ ಜೋಳದ ಬೆಳೆಯ ನಡುವೆ ಕಾಲು ಚಾಚಿ ಕೂತು, ಊಟ ಮಾಡಿದ ಒಬ್ಬೊಬ್ಬರ ನಾಡಿ ನೋಡಿ, “ನಿಂದು ಇಪ್ಪತ್ತೆರಡು, ನೀ ಮೂರ ರೊಟ್ಟಿ ತಿಂದಿ” ಎಂದು ಎಣಿಕೆ ಹೇಳಿ ನಗಿಸಿದರು. ಮರುದಿನ ನನಗೆ ಮೂವತ್ತೆಂಟು ಬಂದಾಗ, “ಅದು ನಿಂದಲ್ಲ, ಭಜ್ಜಿದು” ಎಂದು ಮಾಫಿ ಮಾಡಿದರು.

ಒಂದು ಬೆಳಿಗ್ಗೆ ಒಂದು ವಿಚಿತ್ರ ಕಂಡಿತು. ನಾನು ಹೊರಟ ಸ್ವಲ್ಪ ಹೊತ್ತಿಗೆ ಹುಮನಾಬಾದಿನಿಂದ ಮೊದಲ ಬಸ್ಸು ಎದುರಿಗೆ ಬರುತ್ತಿತ್ತು. ಮೊದಲೆಲ್ಲ ಅದು ನನಗೆ ಸಿಗುತ್ತಿದ್ದದ್ದು ರಸ್ತೆಯ ಬದಿಯ ದೊಡ್ಡ ಬೇವಿನ ಮರದ ಹತ್ತಿರ. ಆವತ್ತು ಮರ ದಾಟಿ, ಬಾಳೆತೋಟ ದಾಟಿ, ಸಣ್ಣ ಸೇತುವೆಯ ಮೇಲೆ ಸಿಕ್ಕಿತು. ಬಸ್ಸು ಇವತ್ತು ತಡವಾಗಿ ಬಂದಿದೆ ಎಂದುಕೊಂಡೆ. ಮರುದಿನವೂ ಸೇತುವೆಯ ಮೇಲೆಯೇ ಸಿಕ್ಕಿತು. ನಿಂತು, ಅಷ್ಟರಲ್ಲಿ ರೂಢಿಯಾಗಿದ್ದ ಹದಿನೈದು ಸೆಕೆಂಡಿನ ಅಂದಾಜಿನ ಮೇಲೆ ಎಣಿಸಿದೆ. ಮೂವತ್ತಾರು. ಅದೇ ಮೂವತ್ತಾರು ನನ್ನನ್ನು ಅಷ್ಟು ದೂರ ತಂದಿತ್ತು. ತಿರುಗಿ ಬಂದು ಹೇಳಿದಾಗ ಸಿಸ್ಟರ್ ಹೊಗಳಲಿಲ್ಲ, ಅವರಿಗೆ ಆ ಅಭ್ಯಾಸ ಇರಲಿಲ್ಲ. “ರಾತ್ರಿ ಏನ ಉಂಡಿ?” ಎಂದರು. ಆದರೆ ಜೇಬಿನಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟರು. ಇನ್ನು ಅದರ ಭಯವಿಲ್ಲ ಎಂದು ಅರ್ಥ.

ಈಗ ಬರೆಯುವುದು ಕಷ್ಟ.

ಪರೀಕ್ಷೆಯ ಹಿಂದಿನ ದಿನ ನಾನು ಓಡಲಿಲ್ಲ, ಸುಮ್ಮನೆ ಕಟ್ಟೆಗೆ ಹೋಗಿ ಕೂತೆ. ಖುಷಿ, ಭಯ ಎರಡೂ ಇತ್ತು. “ಕಲಿಸಿದ್ದು ಬಂದದೋ ಇಲ್ಲೋ ನೋಡ್ರಿ, ಇವತ್ತ ನಿಮ್ಮ ನಾಡಿ ನಾ ನೋಡ್ತೀನಿ” ಎಂದೆ. ಅವರು ನಗುತ್ತ ಕೈಕೊಟ್ಟರು. ನಾನೂ ಅವರ ಹಾಗೆಯೇ ಕೈಯನ್ನು ಕಂಕುಳಲ್ಲಿಟ್ಟು ತೆಗೆದು ಹಿಡಿದೆ. “ಹ್ಞಾಂ” ಎಂದರು.

ಅಬ್ಬಾನ ಹೊಲಿಗೆ ಯಂತ್ರದಲ್ಲಿ ದಾರ ಸಿಕ್ಕಿಕೊಂಡಾಗ ಒಂದು ಸದ್ದು ಬರುತ್ತದೆ. ದಡದಡ ಓಡಿ, ತಡೆದು, ಮತ್ತೆ ಎರಡು ಹೊಲಿಗೆ ಹಾಕಿ, ನಿಂತು, ಒಮ್ಮೆಲೇ ಓಡುತ್ತದೆ. ನನ್ನ ಬೆರಳಿಗೆ ಸಿಕ್ಕಿದ್ದು ಅಂಥದ್ದು. ಮೂವತ್ತೊಂದೋ ಮೂವತ್ಮೂರೋ ತಿಳಿಯಲಿಲ್ಲ. ಕೂತವರಿಗೆ ಹದಿನೆಂಟು ಇರಬೇಕಾದದ್ದು.

“ಸಿಸ್ಟರ್, ಇದೇನ್ರಿ ಹಿಂಗದ? ಮೂವತ್ತರ ಮ್ಯಾಲದ. ನಡುನಡುವ ಬಿಟ್ಟ ಬಿಟ್ಟ ಬಡ್ಯಾಕತ್ತದ.”

“ಎಣಿಸೂದು ತಪ್ಪೀದಿ,” ಎಂದರು. “ಥಂಡಿಗಿ ನಿನ್ನ ಬೆರಳ ಜೋಮ ಹಿಡದಾವ.”

“ಇನ್ನೊಮ್ಮಿ ನೋಡ್ತೀನಿ, ಕೊಡ್ರಿ.”

ಕೈ ಎಳೆದುಕೊಂಡರು. “ನಾಳಿ ಓಡಾಕಿ ನೀನು, ನಾನಲ್ಲ. ಹೋಗು, ಮನಿಗಿ ಹೋಗಿ ಮಕ್ಕೊ.”

ಅವರ ಪಾದ ಚಪ್ಪಲಿಯ ಪಟ್ಟಿಯ ಮೇಲೆ ಬಾತು ನಿಂತಿದ್ದನ್ನು ನಾನು ನೋಡಿದ್ದೆ. ಎರಡು ದಿನದಿಂದ ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದದ್ದೂ ಕೇಳಿತ್ತು. “ರಾತ್ರಿ ಏನ ಉಂಡ್ರಿ?” ಎಂದು ಅವರನ್ನು ಕೇಳಿದ್ದರೆ ವಾಕ್ಯ ಎಲ್ಲಿ ತುಂಡಾಗುತ್ತದೆಂದು ಗೊತ್ತಾಗುತ್ತಿತ್ತು. ಕೇಳಲಿಲ್ಲ. ನಾಲ್ಕು ದಿನ ಸುಳ್ಳು ಎಣಿಕೆ ಒಪ್ಪಿಸಿದವಳು ನಾನು. ಎಣಿಕೆಯಲ್ಲಿ ತಪ್ಪುವುದಿದ್ದರೆ ನನ್ನ ಬೆರಳೇ ತಪ್ಪಿರಬೇಕು, ಸಿಸ್ಟರ್ ತಪ್ಪುವುದುಂಟೇ ಎಂದುಕೊಂಡು ಮನೆಗೆ ಬಂದೆ. ನಿದ್ದೆಯೂ ಚೆನ್ನಾಗಿ ಬಂತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುದಿನ ಕಲಬುರಗಿಯ ಮೈದಾನದಲ್ಲಿ ಗಡಿಯಾರ, ಫೋನು ಎಲ್ಲ ಹೊರಗೆ ಇಡಿಸಿದರು. ಸೀಟಿ ಊದಿದ ಕೂಡಲೆ ಹುಡುಗಿಯರೆಲ್ಲ ಬಿಟ್ಟ ಬಾಣದಂತೆ ಹೋದರು, ನಾನು ಕಡೆಯವರ ಜೊತೆಗಿದ್ದೆ. ಮೊದಲ ಸುತ್ತಿನಲ್ಲಿ ಮನಸ್ಸಿನಲ್ಲೇ, “ರೊಟ್ಟಿ, ಬದನಿಕಾಯಿ ಪಲ್ಯ, ಶೇಂಗಾ ಹಿಂಡಿ” ಎಂದು ಹೇಳಿಕೊಂಡೆ. ವಾಕ್ಯ ತುಂಡಾಗಲಿಲ್ಲ. ಎರಡನೆಯದರಲ್ಲೂ ಆಗಲಿಲ್ಲ. ಮೂರನೆಯದರಲ್ಲಿ ಒಬ್ಬೊಬ್ಬರೇ ಹಿಂದೆ ಉಳಿಯತೊಡಗಿದರು. ನಾಲ್ಕನೆಯ ಸುತ್ತಿನಲ್ಲಿ, ಹಿಂದಿನ ಸಲ ನಾನು ಕೂತಿದ್ದ ಜಾಗ ಬಂದಾಗ, ಇನ್ನು ಎಷ್ಟಾದರೂ ಬಡಿದುಕೋ ಎಂದು ಎದೆಗೆ ಹೇಳಿ ಬಿಟ್ಟೆ. ಪಾಸಾದೆ.

ಸ್ಟೇಶನ್ ಬಜಾರದಲ್ಲಿ ಒಂದು ಕಿಲೋ ಪೇಡೆ ಕಟ್ಟಿಸಿಕೊಂಡು ಸಂಜೆಯ ಬಸ್ಸು ಹತ್ತಿದೆ. ಸಿಸ್ಟರಿಗೆ ಫೋನು ಮಾಡಲಿಲ್ಲ, ಎದುರಿಗೆ ನಿಂತೇ ಹೇಳಬೇಕೆಂದು. ದಾರಿಯಲ್ಲಿ ಒಂದು ಆಂಬುಲೆನ್ಸ್ ಸದ್ದು ಮಾಡುತ್ತ ಎದುರಿನಿಂದ ಬಂತು. ನಮ್ಮ ಡ್ರೈವರ್ ಬಸ್ಸನ್ನು ಮಣ್ಣಿಗೆ ಇಳಿಸಿ ದಾರಿ ಬಿಟ್ಟ. ನಾನು ಕಿಟಕಿಯ ಹತ್ತಿರ ಕೂತು, ಖುಷಿಗೆ ಎಷ್ಟು ಬಡಿಯುತ್ತಿದೆ ನೋಡೋಣವೆಂದು ನನ್ನದೇ ನಾಡಿ ಎಣಿಸುತ್ತಿದ್ದೆ. ಅದು ನಮ್ಮನ್ನು ದಾಟಿ ಹೋಯಿತು. ಅದರೊಳಗೆ ಸಿಸ್ಟರ್ ಇದ್ದರು.

ಅದೇ ಸಂಜೆ ಬಾಣಂತಿಯೊಬ್ಬಳ ಬಿ.ಪಿ. ನೋಡುತ್ತ ನೋಡುತ್ತ ಕುಸಿದರಂತೆ. ತಾಳತಪ್ಪಿ ಬಡಿಯುವ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿದೆ ಎಂದು ಡಾಕ್ಟರು ಹೇಳಿದರು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ನಾನು ಕಮಲಾಪುರದಲ್ಲಿ ಇಳಿದು ಸುದ್ದಿ ಕೇಳಿ, ಬಂದ ದಾರಿಯಲ್ಲೇ ಕಲಬುರಗಿಯ ಆಸ್ಪತ್ರೆಗೆ ತಿರುಗಿ ಹೋದೆ. ಅಲ್ಲಿನ ವರಾಂಡದಲ್ಲಿ ಅವರ ತಂಗಿ, ನಾನು ಯಾರೆಂದು ಸರಿಯಾಗಿ ಗೊತ್ತಿಲ್ಲದೆ, ನನ್ನ ಮುಂದೆಯೇ ಅತ್ತಳು. “ಹೋದ ವಾರನ ಇಲ್ಲಿಗಿ ತೋರ್ಸಾಕ ಬರಬೇಕಾಗಿತ್ರಿ. ನಾ ಎಷ್ಟ ಸಲ ಫೋನ ಮಾಡಿದೆ. ಯಾವುದೋ ಹುಡುಗಿದು ಓಟದ ಪರೀಕ್ಷಿ ಅದ, ಅದು ಮುಗೀಲಿ, ಬಿಟ್ಟ ಬಂದ್ರ ಆ ಹುಡುಗಿ ಗಾಬರಿ ಆಗ್ತದ ಅಂದ್ಳು ನಮ್ಮಕ್ಕ.” ನನ್ನ ಕೈಯಲ್ಲಿ ಪೇಡೆಯ ಪೊಟ್ಟಣವಿತ್ತು. ನಾನೇ ಆ ಹುಡುಗಿ ಎಂದು ಹೇಳಲು ನನಗೆ ಆಗ ಧೈರ್ಯ ಬರಲಿಲ್ಲ, ಆರು ತಿಂಗಳು ಬೇಕಾಯಿತು.

ಆಮೇಲೆ ತರಬೇತಿಗೆ ಹೋದೆ, ಅದು ಮುಗಿದು ಕಲಬುರಗಿಗೇ ಹಾಕಿದರು. ಸಿಸ್ಟರ್ ಶರಣಸಿರಸಗಿಯಲ್ಲಿ ತಂಗಿಯ ಮನೆಯ ಮುಂದಿನ ಕೋಣೆಯಲ್ಲಿದ್ದರು. ಕಿಟಕಿಯ ಆಚೆ ಹೊಸ ಲೇಔಟಿನ ಕಲ್ಲುಗಳು, ಅದರಾಚೆ ಇನ್ನೂ ಉಳಿದಿದ್ದ ತೊಗರಿ ಹೊಲ. ಗೋಡೆಗೆ ದೊಡ್ಡ ಗಡಿಯಾರ, ಗೂಡಿನಲ್ಲಿ ಬುದ್ಧನ ಪುಟ್ಟ ಮೂರ್ತಿ. ಅವರ ಬಾಯಲ್ಲಿ ಎಲ್ಲ ಮಾತೂ ಹೋಗಿ ಒಂದೇ ಒಂದು ಉಳಿದಿತ್ತು: “ಸಾಕ.” ನೀರು ಬೇಕೇ ಎಂದರೂ ಸಾಕ, ಹಸಿವೇ ಎಂದರೂ ಸಾಕ. ತಂಗಿ ಪಾಪ ಅದನ್ನು ನಂಬದೆ ಕಣ್ಣು ನೋಡಿ ತಿಳಿದುಕೊಳ್ಳುವುದನ್ನು ಕಲಿತಿದ್ದಳು. ನಾನು ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಹೋದ ಕೂಡಲೆ ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡಿ, ಹದಿನೈದು ಸೆಕೆಂಡಿಗೆ ಸರಿಯಾಗಿ “ಸಾಕ” ಎನ್ನುತ್ತಿದ್ದರು. ಆಗ ಮಾತ್ರ ಆ ಮಾತು ಅದರ ಜಾಗದಲ್ಲಿರುತ್ತಿತ್ತು. ಎಷ್ಟೆಂದು ಬೆರಳು ಮಡಿಚಿ ತೋರಿಸುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ.

ಮೂರು ವರ್ಷ ಹೀಗೆ ಹೋಯಿತು. ಕಡೆಯ ಸಲ ನಾನು ಹೋದದ್ದು ಡ್ಯೂಟಿ ಮುಗಿಸಿ, ಖಾಕಿಯಲ್ಲೇ. ಅವರು ಬಹಳ ಇಳಿದುಹೋಗಿದ್ದರು, ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ತಂಗಿ ಚಹಾ ಮಾಡಲು ಒಳಗೆ ಹೋದಾಗ, ಮೂರು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

“ಸಿಸ್ಟರ್, ಆವತ್ತ ನನ್ನ ಎಣಿಕಿ ತಪ್ಪಿರಲಿಲ್ಲ ಹೌದಿಲ್ರಿ?”

ಕಣ್ಣು ಮುಚ್ಚಿ ತೆಗೆದರು. ಹೌದು.

“ಮತ್ತ ಯಾಕ ಸುಳ್ಳ ಹೇಳಿದ್ರಿ? ಅಂಜಿಕಿ ಬಂದಿತ್ತೇನ್ರಿ?”

ತಲೆ ಆಡಿಸಿದರು, ಇಲ್ಲ.

“ಮನಿಗಿ ಹೋಗಬೇಕಾಗಿತ್ತೇನ್ರಿ?”

ಇಲ್ಲ. ಎಡಗೈ ಎತ್ತಿ, ಬಹಳ ಹೊತ್ತು ತೆಗೆದುಕೊಂಡು, ನನ್ನ ಭುಜದ ಮೇಲೆ ಖಾಕಿಯ ಪಟ್ಟಿಯನ್ನು ಮುಟ್ಟಿದರು. ಅದನ್ನು ಒಂದೆರಡು ಸಲ ಸವರಿದರು. ನಾನು ಅತ್ತೆ. ಇಷ್ಟು ಬೇಕಾಗಿರಲಿಲ್ಲ ಸಿಸ್ಟರ್, ಒಂದು ನೌಕರಿಗೆ ಇಷ್ಟು ಬೇಕಾಗಿರಲಿಲ್ಲ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಭುಜದಿಂದ ಕೈ ತೆಗೆದು, ಮಣಿಕಟ್ಟು ಮೇಲೆ ಮಾಡಿ ನನ್ನ ಮುಂದೆ ಚಾಚಿದರು. ನೋಡು ಎನ್ನುವಂತೆ.

ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಲು ನೋಡಿದೆ. ಡಿಸೆಂಬರಿನ ಗಾಳಿಯಲ್ಲಿ ಗಾಡಿ ಓಡಿಸಿಕೊಂಡು ಬಂದ ಕೈ ಅದು, ಬೇಗ ಬೆಚ್ಚಗಾಗಲಿಲ್ಲ. ಹಾಗೇ ಹಿಡಿದೆ. ಹೊಲಿಗೆ ಯಂತ್ರ ಇನ್ನೂ ಓಡುತ್ತಿತ್ತು, ಆದರೆ ದಾರ ಪೂರಾ ಸಿಕ್ಕಿಕೊಂಡಿತ್ತು. ನಾಲ್ಕು ಬಡಿತ, ಏನೂ ಇಲ್ಲ, ಏನೂ ಇಲ್ಲ, ಒಂದು, ಆಮೇಲೆ ಎಣಿಸಲಾಗದಷ್ಟು. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು.

“ಸಾಕ,” ಎಂದರು.

ಎಷ್ಟು ಎಂದು ಹುಬ್ಬು ಏರಿಸಿದರು.

“ಹದಿನೆಂಟು ರೀ ಸಿಸ್ಟರ್,” ಎಂದೆ. “ಚಲೋ ಅದ.”

ಅವರು ನನ್ನ ಮುಖವನ್ನು ನೋಡಿದರು, ಆ ನಾಲ್ಕು ದಿನ ಕಟ್ಟೆಯ ಮೇಲೆ ಕೂತು ನೋಡಿದ ಹಾಗೆಯೇ. ಆಮೇಲೆ ನನ್ನ ತಣ್ಣನೆಯ ಕೈಯನ್ನು ಎಳೆದುಕೊಂಡು ತಮ್ಮ ಕಂಕುಳಲ್ಲಿಟ್ಟು, ಅದು ಬೆಚ್ಚಗಾಗುವವರೆಗೂ ಬಿಡಲಿಲ್ಲ.